ಅಟ್ಟ ಖಾಲಿ ಮಾಡುವ ಅಕ್ಕ

ಅವರ ಸೊಂಟದಲ್ಲಿ ಬೀಗದ ಕೈಗಳ ಗೊಂಚಲಿನ ಬದಲು ಒದ್ದೆ ಬಾಳೆನಾರಿನ ಕಂತೆ ಇರುತ್ತಿತ್ತು. ಅದರಿಂದ ಇಳಿದ ನೀರಿಗೆ ಸೀರೆಯ ಎಡಬದಿ ಮೊಣಕಾಲಿನವರೆಗೂ ತೋಯ್ದಿರುತ್ತಿತ್ತು. ಸುಬ್ರಹ್ಮಣ್ಯದಲ್ಲಿ ಯಾತ್ರಿಕರಿಗಾಗಿ ಲಾಡ್ಜು ನಡೆಸುತ್ತಿದ್ದ ಅವರು ಎಲ್ಲರಿಗೂ ಅಕ್ಕ. ಐವತ್ತರ ದಶಕದ ಕೊನೆಗೆ ಬಿ.ಎ. ಮುಗಿಸಿ ಅಲ್ಲಿನ ಶಾಲೆಗೆ ಮಾಷ್ಟ್ರಾಗಿ ಹೋದ ನನಗೆ ಅವರ ಚಾವಡಿಯಲ್ಲೇ ವಾಸ.

ಚಾವಡಿಯ ಮೇಲೆ ಹಲಗೆಯ ಅಟ್ಟ. ಯಾತ್ರಿಕರ ಸಾಮಾನೆಲ್ಲ ಅಲ್ಲಿಗೆ. ಪ್ರತಿಯೊಂದಕ್ಕೂ ಅಕ್ಕ ನಾರು ಕಟ್ಟಿ, ಇನ್ನೊಂದು ತುದಿಯನ್ನು ಹಲಗೆಯ ಸಂದಿನಿಂದ ಇಳಿಸಿ ಗೋಡೆಯ ಮೊಳೆಗೆ ಸುತ್ತುತ್ತಿದ್ದರು. ಒಬ್ಬ ಗಿರಾಕಿಗೆ ಒಂದು ಮೊಳೆ. ಅವನು ಹೊರಟಾಗ ಮೊಳೆಯ ನಾರು ಬಿಚ್ಚುವುದು. ಬೆಳಿಗ್ಗೆ ಮೊಳೆಯಿಂದ ಶುರುಮಾಡಿ, ನಾರು ಹಿಡಿದೇ ಅಟ್ಟ ಹತ್ತುವರು. ಯಾವ ಮೊಳೆಯ ನಾರೂ ಮುಟ್ಟದ ಸಾಮಾನು ಆಗಲೇ ಕೊಟ್ಟಿಗೆಗೆ ಇಳಿಯುತ್ತಿತ್ತು, ದೊಡ್ಡವು ಮೊದಲು. “ಚಿಕ್ಕದು ಕೂತರೆ ಜಾಗ ಹೋಗ್ತದೆ, ದೊಡ್ಡದು ಕೂತರೆ ಮನೆಯೇ ಹೋಗ್ತದೆ” ಎನ್ನುವರು.

ಸಾಮಾನು ಮರೆತು ಹೋದವನೊಬ್ಬ ಮರಳಿ ಬಂದು, “ನನ್ನ ಪೆಟ್ಟಿಗೆ ಎಲ್ಲಿ ಅಕ್ಕ?” ಎಂದ.

“ಕೊಟ್ಟಿಗೆಯಲ್ಲಿ ಉಂಟು. ನಿಮ್ಮ ಬದಲು ದನ ಕಾಯ್ತಾ ಉಂಟು.”

ಒಂದು ಮಳೆಗಾಲ ಮಗಳ ಬಾಣಂತನಕ್ಕೆಂದು ಅಕ್ಕ ಮರ್ಕಂಜಕ್ಕೆ ಹೋದರು. ಲಾಡ್ಜು ಅವರ ತಮ್ಮನ ಕೈಗೆ ಬಂತು. ಆಗ ಮದುವೆ ಅಡುಗೆಯವರೊಬ್ಬರು ತಂಗಿದ್ದು, ತಾಮ್ರದ ದೊಡ್ಡ ಕೊಪ್ಪರಿಗೆಯನ್ನೂ ಹಲಸಿನ ಮರದ ಪೆಟ್ಟಿಗೆಯನ್ನೂ ಅಟ್ಟದಲ್ಲೇ ಬಿಟ್ಟು ಹೊರಟರು. ತಮ್ಮನೇನೋ ಅವರ ಮೊಳೆಯ ನಾರು ಬಿಚ್ಚಿದ. ಆದರೆ ಜಾರದಿರಲೆಂದು ಅಡುಗೆಯವರು ಆ ಎರಡನ್ನೂ ನಾರಿನಲ್ಲೇ ಒಂದಕ್ಕೊಂದು ಕಟ್ಟಿದ್ದರು. ಮೊಳೆಯಿಂದ ಹೊರಡುವ ತಾಳ್ಮೆ ತಮ್ಮನಿಗಿಲ್ಲ. ನೇರ ಅಟ್ಟ ಹತ್ತಿ, ನಾರು ಕಂಡದ್ದನ್ನೆಲ್ಲ ಹಾಗೇ ಬಿಟ್ಟು ಇಳಿಯುತ್ತಿದ್ದ.

ಅಕ್ಕ ಮರಳಿದ್ದು ಒಂದು ಭಾನುವಾರ ಮಧ್ಯಾಹ್ನ. ನಾನು ಚಾಪೆಯ ಮೇಲೆ ಪುಸ್ತಕ ಹಿಡಿದು ಮಲಗಿದ್ದೆ. ಕೈಚೀಲವನ್ನೂ ಇಳಿಸದೆ ಅವರು ಮೊಳೆಗಳನ್ನು ನೋಡಿದರು, ಏಣಿ ಹತ್ತಿದರು.

“ಈ ಕೊಪ್ಪರಿಗೆ ಯಾರದ್ದು?”

“ನಾರು ಉಂಟಲ್ಲ ಅಕ್ಕ,” ಎಂದ ತಮ್ಮ ಕೆಳಗಿನಿಂದ.

“ನಾರಿನ ಆಚೆ ತುದಿಯಲ್ಲಿ ಎಂತ ಉಂಟು?”

“ಪೆಟ್ಟಿಗೆ.”

“ಪೆಟ್ಟಿಗೆಯನ್ನು ಹಿಡಿದದ್ದು?”

“ಕೊಪ್ಪರಿಗೆ.”

“ಇವೆರಡು ಗಂಡ ಹೆಂಡತಿ ಹಾಗೆ ಕೈ ಹಿಡ್ಕೊಂಡು ಕೂತದ್ದು ಸರಿ ಮಾರಾಯ. ಇವರನ್ನು ಹಿಡಿದವ ಯಾರು?”

ನಾನು ನಕ್ಕೆ. ಮೇಲೆ ಅಕ್ಕನ ದನಿ ಒಮ್ಮೆಲೇ ತಗ್ಗಿತು. ಮಳೆಗೆ ಸೋರುವ ಮಾಡಿನ ನೀರೆಲ್ಲ ಕೊಪ್ಪರಿಗೆಗೇ ಇಳಿದು ಅದು ಕಂಠಮಟ್ಟ ತುಂಬಿತ್ತು. ಕೆಳಗಿನ ತೊಲೆ ಬಾಗಿತ್ತು.

“ಮಾಷ್ಟ್ರೆ, ಏಳಿ. ಪುಸ್ತಕ ಅಲ್ಲೇ ಇರಲಿ.”

“ಎಂತಕ್ಕೆ ಅಕ್ಕ?”

“ಕೇಳುದೆಲ್ಲ ಜಗಲಿಯಲ್ಲಿ ಕೇಳಿ.”

ಹೊಸಿಲು ದಾಟಿದ್ದೆ ಅಷ್ಟೆ. ತೊಲೆ ಮುರಿದು ಕೊಪ್ಪರಿಗೆ ನನ್ನ ದಿಂಬಿನ ಮೇಲೆ ಬಿತ್ತು. ನೀರು ಚಾವಡಿ ತುಂಬಿ, ಜಗಲಿಗೂ ಹರಿದು ನನ್ನ ಪಾದ ತೋಯಿಸಿತು. ಏಣಿಯ ತುದಿಯಲ್ಲಿ ಅಕ್ಕ ಗೋಡೆ ಹಿಡಿದು ನಿಂತೇ ಇದ್ದರು.

“ಈಗ ಕೇಳಿ ಮಾಷ್ಟ್ರೆ,” ಎಂದರು.

ತಮ್ಮ ಅಳುತ್ತಿದ್ದ. ಅಕ್ಕ ಇಳಿದು ಬಂದು ಮೊದಲು ಅವನಿಗೆ, ಆಮೇಲೆ ನನಗೆ ಕಾಫಿ ಕೊಟ್ಟರು.

ಅವರು ತೀರಿಕೊಂಡು ಬಹಳ ಕಾಲವಾಯಿತು. ಆ ಮಧ್ಯಾಹ್ನ ಮಾತ್ರ ನನ್ನೊಳಗೆ ಮತ್ತೆ ಮತ್ತೆ ನಡೆಯುತ್ತದೆ. ಪ್ರತಿ ಸಲವೂ ನಾನು ‘ಎಂತಕ್ಕೆ’ ಎನ್ನುತ್ತ ಚಾಪೆಯ ಮೇಲೇ ನಿಂತಿರುತ್ತೇನೆ. ಪ್ರತಿ ಸಲವೂ ಅವರು ಬರೀ ಮಾತಿನಿಂದ ನನ್ನನ್ನು ಜಗಲಿಗೆ ದಾಟಿಸುತ್ತಾರೆ.