ಹಳದಿ ಎಂದು ಓದಿದ ನೀರು

ನೀಲವ್ವಾ, ನಮ್ಮ ಮನೆಯ ಮೀನು ಸತ್ತದ್ದು ನಿನ್ನ ಫಿನಾಯಿಲಿನಿಂದಲ್ಲ. ಅದು ನಿನ್ನನ್ನು ಕೆಲಸ ಬಿಡಿಸಿದ ದಿನವೇ ನನಗೆ ಗೊತ್ತಿತ್ತು — ಗೊತ್ತಿದ್ದೂ ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡು ಕೂತೆ.

ಜೋರಾಪುರ ಪೇಟೆಯ ಮನೆಗೆ ಮಗಳಿಗೆಂದು ಗಾಜಿನ ತೊಟ್ಟಿ ತಂದಿದ್ದೆ. ದಿನಕ್ಕೊಂದು ಮೀನು ಹೊಟ್ಟೆ ಮೇಲೆ ಮಾಡಿ ತೇಲತೊಡಗಿತು. ನೆಲ ಒರೆಸುವವಳು ನೀನು. ಅನುಮಾನಕ್ಕೆ ಇನ್ನೇನು ಬೇಕು? ನೀನು ತೊಟ್ಟಿಯ ಹತ್ತಿರ ಬಾಗಿದರೆ ಸಾಕು, ಪೇಪರ್ ಓದುವವನಂತೆ ಕೂತು ನಿನ್ನ ಕೈಯನ್ನೇ ನೋಡುತ್ತಿದ್ದೆ. ಫಿನಾಯಿಲ್ ಬಾಟಲಿಗೆ ಪೆನ್ನಿನಿಂದ ಗೆರೆ ಎಳೆದಿಟ್ಟಿದ್ದೆ — ಥೂ, ಎಂಥ ಮನುಷ್ಯ ನಾನು.

ನೀರು ಪರೀಕ್ಷಿಸುವ ಸಾಮಾನು ಕೇಳಲು ಅಂಗಡಿಗೆ ಹೋದೆ. ಅದ್ದಿ ನೋಡುವ ಪಟ್ಟಿ ಬರೀ ಅಂದಾಜು, ಹನಿ ಹಾಕುವ ಕಿಟ್ಟೇ ನಂಬಿಕೆಯದು ಎಂದ ಅಂಗಡಿಯವನು. ಅಂಕಿ ತೋರಿಸುವ ಮೀಟರ್ ಇಲ್ಲವೇ ಎಂದು ಎರಡು ಸಲ ಕೇಳಿದೆ. ತನ್ನಲ್ಲಿರುವುದು ಅಮೋನಿಯಾ ಅಳೆಯುವುದಿಲ್ಲ ಎಂದ. ಅಮೋನಿಯಾ ಮೀನಿನ ಹೊಲಸಿನಿಂದಲೇ ಹುಟ್ಟುವ ವಿಷ. ಹನಿ ಹಾಕಿದ ನೀರು ಹಳದಿಯಾದರೆ ಚಿಂತೆಯಿಲ್ಲ, ಹಸಿರಾದರೆ ಕೆಟ್ಟಿತು. ನನಗೆ ಆ ಎರಡು ಬಣ್ಣ ಬೇರೆಬೇರೆಯಾಗಿ ಕಾಣುವುದಿಲ್ಲ — ಹುಟ್ಟಿನಿಂದಲೂ. ಹೆಂಡತಿಗೂ ಹೇಳಿರಲಿಲ್ಲ. ನಾಚಿಕೆಪಟ್ಟು ಸುಮ್ಮನೆ ಕಿಟ್ ತಂದೆ.

ತೊಟ್ಟಿಯ ನೀರಿಗೆ ಹನಿ ಹಾಕಿದ ಗಾಜಿನ ನಳಿಗೆಯನ್ನು ಎತ್ತಿ ಹಿಡಿದು, ಹಳದಿ, ನೀರು ಚೊಕ್ಕಟ ಇದೆ ಎಂದು ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದೆ. ನನಗೆ ಬೇಕಾದ ಬಣ್ಣವನ್ನೇ ಓದಿದ್ದೆ — ಹೊಲಸಿನ ವಿಷವಿಲ್ಲ ಎಂದಾದರೆ ತಪ್ಪು ನಿನ್ನ ಫಿನಾಯಿಲಿನದೇ ಆಗುತ್ತಿತ್ತು. ನೀನು ಒರೆಸುವ ಬಟ್ಟೆ ಹಿಡಿದು ನಿಂತಿದ್ದವಳು ಮೆಲ್ಲಗೆ ಅಂದೆ:

"ಹಸರ ಐತಲ್ರಿ ಸಾಹೇಬ್ರ."

ನಿನ್ನ ಮಾತು ನಿಜವೆಂದು ಆಗಲೇ ತಿಳಿಯಿತು. ಹೆಂಡತಿ ಹೊರಗೆ ಬರುವ ಮೊದಲೇ ನಳಿಗೆಯ ನೀರನ್ನು ಬಚ್ಚಲಿಗೆ ಸುರಿದು, "ನಾಳಿಂದ ಬರಬ್ಯಾಡ" ಎಂದುಬಿಟ್ಟೆ. ಆಮೇಲೆ ಗುಟ್ಟಾಗಿ ದಿನವೂ ಅಷ್ಟಷ್ಟು ನೀರು ಬದಲಿಸಿದೆ, ಉಳಿದ ಮೀನು ಬದುಕಿದವು. ನೀನು ಹೋದದ್ದಕ್ಕೇ ಬದುಕಿದವು ಎಂದು ಓಣಿಯೆಲ್ಲ ನಂಬಿತು. ನೀನು ಕೆಲಸಕ್ಕೆ ಹೋಗುತ್ತಿದ್ದ ಇನ್ನೆರಡು ಮನೆಯವರೂ ನಿನ್ನನ್ನು ಬಿಡಿಸಿದರು.

ಮೊನ್ನೆ ಬಬಲೇಶ್ವರದ ಬಸ್ಸಿನಲ್ಲಿ ನೀನು ಸಿಕ್ಕೆ. ಮಮದಾಪುರದ ತವರಲ್ಲಿದ್ದು ಕೂಲಿಗೆ ಹೋಗುತ್ತೀಯಂತೆ. ನೀನೇ ಕೇಳಿದೆ, "ಮೀನ ಹೆಂಗದಾವ್ರಿ?" ಆ ಮಾತಲ್ಲೂ ನಾನು ಕೊಂಕು ಹುಡುಕಿದೆ — ಇರಲಿಲ್ಲ.

ಹೆಂಡತಿಗೆ ಎಲ್ಲ ಹೇಳಿದ್ದೇನೆ. ಅವಳು ನನ್ನೊಡನೆ ಮಾತು ಬಿಟ್ಟಿದ್ದಾಳೆ. ನಾಳೆ ಆ ಎರಡೂ ಮನೆಗೆ ಹೋಗಿ ಹೇಳುತ್ತೇನೆ — ನೀಲವ್ವ ನಿಜ ಹೇಳಿದ್ದಳು, ನಾನು ಸುಳ್ಳ. ಆಮೇಲೆ ನಿನ್ನ ಬಾಗಿಲಿಗೆ ಬರುತ್ತೇನೆ. ಕೆಲಸಕ್ಕೆ ಕರೆಯುವ ಮುಖ ನನಗಿಲ್ಲ.