ಸುಣ್ಣದ ಹತ್ತೊಂಬತ್ತು ಬೊಟ್ಟು

ಶಮಶುದ್ದೀನ ಮೊದಲ ಸಲ ಗೊಳಸಂಗಿಗೆ ಬಂದದ್ದು ಅರವತ್ತೊಂದರ ಸುಗ್ಗಿಯಲ್ಲಿ, ಸತ್ತವನನ್ನು ಕೇಳಿಕೊಂಡು. ಸಿಂದಗಿಯವನು, ಪುಣೆಯಲ್ಲಿ ಪಿಎಚ್‌.ಡಿ.ಗೆ ಓದುತ್ತಿದ್ದ. ರಕ್ತದೊತ್ತಡಕ್ಕೆಂದು ಸರ್ಪಗಂಧದ ಬೇರಿನ ಗುಳಿಗೆ ನುಂಗುವವರ ಮನಸ್ಸು ಹೇಗಿರುತ್ತದೆಂದು ಊರೂರು ತಿರುಗಿ ಬರೆದುಕೊಳ್ಳುವುದು ಅವನ ಕೆಲಸ. ಧೂಳಪ್ಪನ ಹೆಂಡತಿ ಸಾತವ್ವನ ಮನೆಯ ಕಟ್ಟೆಯ ಮೇಲೆ ಕುಳಿತು ಒತ್ತಡ ಅಳೆಯುವ ರಬ್ಬರಿನ ಪಟ್ಟಿ ಬಿಚ್ಚಿದ.

"ಸೈಕಲ್ಲಿನ ಪಂಪು ಮಂದಿಗೂ ಹಚ್ತೀರೇನ್ರಿ ಸಾಹೇಬ್ರ?" ಎಂದಳು ಸಾತವ್ವ.

"ನಿಮಗಲ್ಲ ದೊಡ್ಡವ್ವಾ, ಧೂಳಪ್ಪನವರಿಗೆ. ಕರೀರಿ. ದವಾಖಾನಿ ಕಾಗದದಾಗ ಆರಾಮ ಅದಾರಂತ ಬರದೈತಿ."

"ಆರಾಮನ ಅದಾರ. ಬಾವಿಗೆ ಹಾರಿ ಎಂಟು ತಿಂಗಳಾತು."

ಅವನು ಪಟ್ಟಿ ಸುತ್ತಿಟ್ಟ. ಆಮೇಲೆ ಕೇಳಿದ:

"ಮನಸ್ಸಿಗೆ ಬ್ಯಾಸರ ಅಂತ ಅಂದಿದ್ರೇನು?"

"ಗಂಡಸು ಹಂಗ ಅಂತಾನೇನೋ ತಮ್ಮಾ? ಎತ್ತಿನ ಹೆಸರು ಹಿಡದು ಕರಿಯೂದು ಬಿಟ್ರು."

ಒಳಗೆ ಕರೆದೊಯ್ದು ಗೋಡೆ ತೋರಿಸಿದಳು. ದಿನಕ್ಕೊಂದು ಗುಳಿಗೆ, ಗುಳಿಗೆಗೊಂದು ಇದ್ದಲಿಯ ಗೆರೆ: ಎಪ್ಪತ್ತನಾಲ್ಕು. ಕೊನೆಯ ಹತ್ತೊಂಬತ್ತರ ಕೆಳಗೆ ಸುಣ್ಣದ ಬೊಟ್ಟು. ಬಿತ್ತುವ ಜೋಳದ ಸಲುವಾಗಿ ಗಂಡಹೆಂಡಿರಿಗೆ ಮಾತಿಗೆ ಮಾತು ಬೆಳೆದಿತ್ತು. ಅಂದಿನಿಂದ ಧೂಳಪ್ಪ ಬಾಯಿ ಬಿಡಲಿಲ್ಲ. ಮುನಿಸು ಎಷ್ಟು ದಿನವೆಂದು ಅವಳು ಬೊಟ್ಟು ಇಡುತ್ತ ಹೋದಳು. ದೀಪಾವಳಿಗೆ ಮನೆಗೆಲ್ಲ ಸುಣ್ಣ ಬಳಿದರೂ ಆ ಮೊಳದಷ್ಟು ಜಾಗ ಬಿಟ್ಟಿದ್ದಳು.

"ನನ್ನ ಮ್ಯಾಲಿನ ಸಿಟ್ಟಿಗೆ ಹೋದ್ರು," ಎಂದಳು.

"ಸಿಟ್ಟಲ್ಲ ದೊಡ್ಡವ್ವಾ. ಆ ಗುಳಿಗಿ ಕೆಲವರ ಮನಸ್ಸನ್ನ ಹಿಂಗ ಕುಂದಸ್ತೈತಿ ಅಂತ ನಾ ಓದೇನಿ. ಕಣ್ಣಿಲೆ ನೋಡಿರಲಿಲ್ಲ."

ಸಾತವ್ವ ಸುಣ್ಣದ ಬೊಟ್ಟಿನ ಮೇಲೆ ಕೈಯಿಟ್ಟಳು. ಎಂಟು ತಿಂಗಳು ಹೊತ್ತದ್ದನ್ನು ಎಲ್ಲಿ ಇಳಿಸಬೇಕೆಂದು ತಿಳಿಯಲಿಲ್ಲ. ಅವನು ಗೆರೆಗಳನ್ನೂ ಬೊಟ್ಟುಗಳನ್ನೂ ಎಣಿಸಿ ಬರೆದುಕೊಂಡ. ಅಂದಿನಿಂದ ಅವನು ಮನೆಮನೆಗೆ ಹೋಗಿ ಬ್ಯಾಸರದ ಮಾತು ಬಿಟ್ಟು, ರೊಟ್ಟಿ ಎಷ್ಟು ತಿನ್ನುತ್ತಾರೆ, ದನಗಳನ್ನು ಹೆಸರು ಹಿಡಿದು ಕೂಗುತ್ತಾರೋ ಇಲ್ಲವೋ ಎಂದು ಮನೆಯ ಹೆಂಗಸರನ್ನೇ ಕೇಳತೊಡಗಿದನಂತೆ.

ಹದಿನೈದು ದಿನಕ್ಕೆ ಮತ್ತೆ ಬಂದ. ಕೈಯಲ್ಲಿ ಪಂಪಿರಲಿಲ್ಲ, ಮುಖ ಬೂದಿಯಾಗಿತ್ತು.

"ನಮ್ಮವ್ವ ಬೀಸೂ ಮುಂದ ಹಾಡ್ತಿದ್ಲು. ನಿನ್ನಿ ಮನಿಗೆ ಹೋದ್ರ ಬರೇ ಕಲ್ಲಿನ ಸಪ್ಪಳ. ಆ ಗುಳಿಗಿ ಅವ್ವಗ ನಾನ ತಂದು ಕೊಟ್ಟಿದ್ನಿ. ಅವ್ವನ ಕೇಳಿದ್ರ ಏನಿಲ್ಲ ಅಂತಾಳ."

"ಹಾಡು ಬಿಟ್ಟು ಎಷ್ಟು ದಿನಾತು?"

"ಹನ್ನೊಂದು, ತಂಗಿ ಅಬಿದಾ ಎಣಸ್ಯಾಳ."

ಸಾತವ್ವ ಗೋಡೆಯ ಕಡೆ ನೋಡಲಿಲ್ಲ. ಹತ್ತೊಂಬತ್ತಕ್ಕೆ ಇನ್ನು ಎಂಟೇ ದಿನವೆಂದು ನೋಡದೆಯೂ ಗೊತ್ತಿತ್ತು.

"ಗುಳಿಗಿ?"

"ನಿನ್ನಿನ ಬಿಡಿಸೇನಿ. ಆದ್ರ ಅದು ಮೈಯಾಗಿಂದ ಲಗೂನ ಹೋಗಂಗಿಲ್ಲ." ಅವನು ಹೊಸ್ತಿಲ ಹೊರಗೇ ನಿಂತಿದ್ದ. "ನನಗ ಒತ್ತಡ ಅಳಿಯಾಕ ಬರ್ತೈತಿ, ಮನಸ್ಸು ಅಳಿಯಾಕ ಬರಂಗಿಲ್ಲ. ದೊಡ್ಡವ್ವಾ, ಸಿಂದಗಿಗೆ ಬಂದು ಅವ್ವನ ಜೋಡಿ ಇರ್ತೀಯೇನು, ಆಕಿ ಹಾಡೂತನಕ?"