ಮಗ ಹಾರದ ಶುಕ್ರವಾರಗಳು

ಆ ಚಳಿಗಾಲದ ಶುಕ್ರವಾರಗಳಲ್ಲಿ ನಾನು ಕಾರಿನಿಂದ ಇಳಿಯುತ್ತಲೇ ಇರಲಿಲ್ಲ. ಮೈದಾನದ ಬೇಲಿಯ ಪಕ್ಕ ಗಾಡಿ ನಿಲ್ಲಿಸಿ, ಗಾಜು ಅರ್ಧ ಇಳಿಸಿ, ಮಗನನ್ನೇ ನೋಡುತ್ತ ಕೂರುತ್ತಿದ್ದೆ. ಚೆಂಡು ಎತ್ತರದಲ್ಲಿ ಬಂದಾಗ ಅವನು ಅದರ ಕಡೆ ಓಡುತ್ತಿದ್ದ, ಚೆನ್ನಾಗಿಯೇ ಓಡುತ್ತಿದ್ದ. ಚೆಂಡಿನ ಕೆಳಗೆ ಇಬ್ಬರು ಮೂವರು ಒಟ್ಟಾಗುವ ಹೊತ್ತಿಗೆ ಸರಿಯಾಗಿ ಅವನ ಕಾಲು ನಿಧಾನವಾಗುತ್ತಿತ್ತು. ಉಳಿದವರು ಹಾರುತ್ತಿದ್ದರು. ಇವನು ಬಸ್ಸು ತಪ್ಪಿಸಿಕೊಂಡವನ ಹಾಗೆ ತಲೆಯೆತ್ತಿ ನೋಡುತ್ತ ನಿಲ್ಲುತ್ತಿದ್ದ.

ಆಟ ಆಸ್ಟ್ರೇಲಿಯಾದವರ ಫುಟ್‌ಬಾಲ್. ಕುವೈತ್‌ನಲ್ಲಿ ಹೀಗೊಂದು ಆಟ ಉಂಟೆಂದು ನನಗೆ ಗೊತ್ತಾದದ್ದೇ ಮಗ ಅದಕ್ಕೆ ಸೇರಿದ ಮೇಲೆ. ಅವನ ಕಾಲೇಜಿನಲ್ಲಿ ಪಾಠ ಮಾಡುವ ಒಬ್ಬ ಆಸ್ಟ್ರೇಲಿಯನ್, ಮನೆಯ ನೆನಪಿಗೋ ಏನೋ, ಬಾಡಿಗೆ ಮೈದಾನದಲ್ಲಿ ತಂಡ ಕಟ್ಟಿ ತಾವೇ ಕೋಚ್ ಆಗಿದ್ದರು. ಅವರ ದೇಶದವರು ಕೆಲವರು, ಐರ್ಲೆಂಡಿನ ಮೇಷ್ಟ್ರುಗಳು ಕೆಲವರು, ಉಳಿದವರು ನಮ್ಮ ಹಾಗೆ ಹೊಟ್ಟೆಪಾಡಿಗೆ ಬಂದವರು. ಹತ್ತೊಂಬತ್ತರ ಹುಡುಗನೂ ನಲವತ್ತು ದಾಟಿದವರೂ ಒಂದೇ ಬಣ್ಣದ ಅಂಗಿಯಲ್ಲಿ. ಚೆಂಡು ಮೊಟ್ಟೆಯ ಆಕಾರದ್ದು. ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮೊದಲು ಗಾಳಿಯಲ್ಲೇ ಹಿಡಿದವನಿಗೆ, ಯಾರ ಅಡ್ಡಿಯೂ ಇಲ್ಲದೆ ತಾನು ಒದೆಯುವ ಅವಕಾಶ ಸಿಗುತ್ತದೆ. ಅದಕ್ಕೆ ಮಾರ್ಕ್ ಎನ್ನುತ್ತಾರೆ. ಮಾರ್ಕ್ ಹಿಡಿಯಲು ಇನ್ನೊಬ್ಬರ ಬೆನ್ನಿಗೆ ಮೊಣಕಾಲು ಊರಿ ಮೇಲೇರಬಹುದು, ಅದು ತಪ್ಪಲ್ಲ. ಮೊದಲ ಸಲ ನೋಡಿದಾಗ ನಾನು ಹೊಡೆದಾಟ ಶುರುವಾಯಿತೆಂದೇ ತಿಳಿದಿದ್ದೆ.

ನನ್ನ ಮಗ ಹಾರುವವನು. ಸಪೂರ ಮೈ, ಉದ್ದ ಕಾಲು. ಹಿಂದಿನ ಚಳಿಗಾಲದಲ್ಲಿ ಅವನು ಮೇಲೇರಿ ಚೆಂಡು ಹಿಡಿದಾಗ ಬೇಲಿಯಾಚೆ ನಿಂತ ಟ್ಯಾಕ್ಸಿಯವರೂ ಚಪ್ಪಾಳೆ ಹೊಡೆಯುತ್ತಿದ್ದರು. ಒಂದೇ ಒಂದು ವಿಚಿತ್ರವಿತ್ತು. ಯಾರಿಗಾದರೂ ಕಾಲು ತಾಗಿದರೆ ಓಡುತ್ತಲೇ ಅವರ ಭುಜ ಮುಟ್ಟಿ ಆ ಕೈಯನ್ನು ತನ್ನ ಎದೆಗೆ ಒತ್ತಿಕೊಳ್ಳುತ್ತಿದ್ದ. ನಾನೂ ಅವನ ಅಪ್ಪನೂ ಸಣ್ಣದರಲ್ಲಿ ಕಲಿಸಿದ್ದು. ಪುಸ್ತಕಕ್ಕಾಗಲಿ ಮನುಷ್ಯರಿಗಾಗಲಿ ಕಾಲು ತಾಗಿದರೆ ಮುಟ್ಟಿ ನಮಸ್ಕಾರ. ಐರ್ಲೆಂಡಿನವರು ಮೊದಲು ನಗುತ್ತಿದ್ದರು, ಆಮೇಲೆ ಅವರೇ ಇವನಿಗೆ ಡಿಕ್ಕಿ ಹೊಡೆದು ಎದೆ ಮುಟ್ಟಿಕೊಳ್ಳತೊಡಗಿದರು.

ಅಂಥವನು ಈಗ ಹಾರುತ್ತಿರಲಿಲ್ಲ.

ನನ್ನ ಕಸುಬು ಏನೆಂದು ಹೇಳಿದರೆ ನನ್ನ ಅವಸ್ಥೆ ನಿಮಗೆ ಅರ್ಥವಾದೀತು. ಇಲ್ಲಿಂದ ಖಲಾಸ್ ಮಾಡಿ ಊರಿಗೆ ಹೋಗುವ ಸಂಸಾರಗಳ ಮನೆ ಸಾಮಾನನ್ನು ನಾನು ಕೊಳ್ಳುತ್ತೇನೆ, ಹೊಸದಾಗಿ ಬಂದವರಿಗೆ ಮಾರುತ್ತೇನೆ. ಪಕ್ಕದ ಫ್ಲಾಟಿನವರ ಒಂದು ವಾಷಿಂಗ್ ಮೆಷಿನ್‌ನಿಂದ ಶುರು ಮಾಡಿದವಳು, ಈಗ ಫಹಾಹೀಲ್‌ನಲ್ಲಿ ಅಂಗಡಿ ಉಂಟು. ಅಂಗಡಿಯ ಲೈಸೆನ್ಸಿಗೆ ಹೆಸರು ಕೊಡುವ ಕುವೈತಿ ಕಫೀಲ್‌ನನ್ನು ಒಪ್ಪಿಸಿದ್ದೂ ನಾನೇ, ಗಂಡ ಅಲ್ಲ. ಫ್ರಿಜ್ಜಿನ ಬಾಗಿಲು ಒಂದು ಸಲ ಮುಚ್ಚಿ ತೆರೆದರೆ ಅದರ ಆಯುಸ್ಸು ಹೇಳುತ್ತೇನೆ. ನಿಮಗೂ ಒಂದು ಮಾತು: ಹಳೆ ಸಾಮಾನು ನೋಡುವಾಗ ಮಾರುವವನ ಬಾಯಿ ನೋಡಬೇಡಿ, ಸಾಮಾನಿನ ಹಿಂಬದಿ ನೋಡಿ. ದೋಷ ಯಾವಾಗಲೂ ಗೋಡೆಗೆ ತಾಗಿದ ಕಡೆ ಇರುತ್ತದೆ.

ಮಗನ ದೋಷ ಎಲ್ಲಿದೆಯೆಂದು ಮಾತ್ರ ನನಗೆ ಸಿಗಲಿಲ್ಲ. ಶೂ ಜಾರುತ್ತದೆಯೋ ಎಂದು ಹೊಸ ಶೂ ತಂದೆ. ಕಣ್ಣು ಪರೀಕ್ಷೆ ಮಾಡಿಸಿದೆ. ಬಾದಾಮಿ ನೆನೆಹಾಕಿ ತಿನ್ನಿಸಿದೆ. ಕಾಲೇಜಿಗೇ ಹೋಗಿ ಕೋಚ್ ಅವರನ್ನು ಕಂಡು, ಇವನಿಗೆ ಒಂದು ದಿನ ಕ್ಯಾಪ್ಟನ್ ಪಟ್ಟ ಕೊಟ್ಟು ನೋಡಿ, ಬದಲಿಗೆ ತಂಡದವರು ಕೂರಲು ಬೆಂಚು, ನೆರಳಿಗೆ ಟೆಂಟು ನಾನು ಕೊಡುತ್ತೇನೆ ಎಂದೆ. ಅವರು ನಕ್ಕು, ಬೆಂಚಿಗೆ ಮುಂಚಿತವಾಗಿ ಥ್ಯಾಂಕ್ಸ್ ಹೇಳಿ, ಕ್ಯಾಪ್ಟನ್ ವಿಷಯ ಎತ್ತಲೇ ಇಲ್ಲ. ನನ್ನ ಜೀವನದಲ್ಲಿ ಅಷ್ಟು ಸಲೀಸಾಗಿ ಸೋತ ವ್ಯಾಪಾರ ಇನ್ನೊಂದಿಲ್ಲ.

ಶುರುವಾದದ್ದು ಯಾವಾಗ ಎಂಬುದೇನೋ ನನಗೆ ಗೊತ್ತಿತ್ತು. ಅಭ್ಯಾಸದ ಒಂದು ಸಂಜೆ ಮಗ ಹಿಂದಿನಿಂದ ಓಡಿಬಂದು ಹಾರಿದಾಗ ಅವನ ಮೊಣಕಾಲು ಅವರದೇ ತಂಡದ ಒಬ್ಬರ ಪಕ್ಕೆಗೆ ಬಡಿದು ಎಲುಬು ಬಿರುಕು ಬಿಟ್ಟಿತ್ತು. ಅವರು ಉಡುಪಿ ಕಡೆಯ ಕ್ರಿಶ್ಚಿಯನ್ನರು, ಆಸ್ಪತ್ರೆಯಲ್ಲಿ ಎಕ್ಸ್‌ರೇ ವಿಭಾಗದಲ್ಲಿರುವವರು, ನಲವತ್ತೈದರ ಹತ್ತಿರ. ಮಗನಿಗೆ ಅಂಕಲ್. ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ ನಾನು ಅವರನ್ನು ಪೊರ್ಬುಗಳೇ ಎನ್ನುವುದು. ತನ್ನ ಎಲುಬಿನ ಫೋಟೋವನ್ನು ತನ್ನ ಮೆಷಿನ್ನಿನಲ್ಲೇ ತೆಗೆಸಿಕೊಂಡವರು ಕುವೈತಿನಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ ಎಂದು ಅವರೇ ಫೋನಿನಲ್ಲಿ ತಮಾಷೆ ಮಾಡಿದ್ದರು.

ಸುದ್ದಿ ಕೇಳಿದ ಮರುದಿನ ನಾನು ಮಾಡಬೇಕಾದದ್ದನ್ನು ಮಾಡಿದೆ. ದೊಡ್ಡ ಬುಟ್ಟಿ ತುಂಬ ಹಣ್ಣು, ಹಾರ್ಲಿಕ್ಸ್ ಬಾಟಲಿ ಹಿಡಿದು, ಮಗನಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಸಿ ಅವರ ಫ್ಲಾಟಿಗೆ ಕರೆದುಕೊಂಡು ಹೋದೆ. ಅವರ ಹೆಂಡತಿ, ಅತ್ತೆ, ಪಕ್ಕದ ಮನೆಯವರು ಎಲ್ಲ ಇದ್ದರು. ಎಲ್ಲರ ಎದುರು ಮಗನಿಂದ ಅವರ ಕಾಲು ಮುಟ್ಟಿಸಿ ಕ್ಷಮೆ ಕೇಳಿಸಿದೆ. ಅವರು ಸೋಫಾದಲ್ಲಿ ಕಾಲು ಹಿಂದಕ್ಕೆಳೆದುಕೊಂಡರು, ಎಳೆದ ನೋವಿಗೆ ಮುಖ ಕಿವುಚಿಕೊಂಡರು. ಮಗ ಆ ಮುಖವನ್ನು ನೋಡಿದ. ಕಾರಿನಲ್ಲಿ ಬರುವಾಗ ನಾನು ಒಳ್ಳೆಯದಾಯಿತು, ಮರ್ಯಾದೆ ಉಳಿಯಿತು ಎಂದೆ. ಅವನು ಹೊರಗೆ ನೋಡುತ್ತಿದ್ದ.

ಅಲ್ಲಿಂದೀಚೆ ಹೊಸ ವರ್ಷ ಬಂದು ಹೋಯಿತು, ಹಾರಾಟ ಬರಲಿಲ್ಲ. ಆಟ ಮಾತ್ರವಾಗಿದ್ದರೆ ನಾನು ಇಷ್ಟು ತಲೆ ಬಿಸಿ ಮಾಡಿಕೊಳ್ಳುತ್ತಿರಲಿಲ್ಲ. ಅದು ಮೈದಾನದಿಂದ ಮನೆಗೆ ಬಂತು. ಡ್ರೈವಿಂಗ್ ಟೆಸ್ಟಿಗೆ ಹೋಗುವ ದಿನ ಹೊಟ್ಟೆನೋವೆಂದು ಮಲಗಿದ. ಕಾಲೇಜಿನಲ್ಲಿ ಎಲ್ಲರೆದುರು ನಿಂತು ಮಾತಾಡಬೇಕಿದ್ದ ಪಾಠವನ್ನು ಬೇರೆಯವನಿಗೆ ಬಿಟ್ಟುಕೊಟ್ಟ. ಅಂಗಡಿಯ ಫೋನು ಬಡಿದುಕೊಂಡರೂ ಎತ್ತದೆ ನನ್ನ ಮುಖ ನೋಡುತ್ತಿದ್ದ. ಓದು ಮುಗಿದ ಮೇಲೆ ಅವನ ಇಕಾಮಾ, ಅಂದರೆ ಇಲ್ಲಿ ವಾಸಕ್ಕೆ ಕೊಡುವ ಪರವಾನಗಿ, ಅಪ್ಪನ ಹೆಸರಿನಲ್ಲಿ ಹೆಚ್ಚು ಕಾಲ ನಡೆಯುವುದಿಲ್ಲ. ಇಲ್ಲಿ ಇರಬೇಕಾದರೆ ಯಾರದೋ ಆಫೀಸಿನಲ್ಲಿ ಅಪರಿಚಿತರ ಎದುರು ಕೂತು, ಈ ಕೆಲಸ ನನಗೆ ಕೊಡಿ ಎಂದು ಬಾಯಿಬಿಟ್ಟು ಹೇಳಬೇಕು. ನನಗೆ ಬೇಕು ಎಂದು ಹೇಳಲಿಕ್ಕೇ ಹಿಂಜರಿಯುವವನಿಗೆ ಈ ದೇಶದಲ್ಲಿ ಯಾರೂ ಏನೂ ಕೊಡುವುದಿಲ್ಲ. ಇದನ್ನು ಯೋಚಿಸುತ್ತ ಅಂಗಡಿಯಲ್ಲಿ ನಾನು ಒಂದು ಒಳ್ಳೆಯ ಡೈನಿಂಗ್ ಟೇಬಲನ್ನು ಚೌಕಾಸಿಯೇ ಇಲ್ಲದೆ ಕೊಟ್ಟುಬಿಟ್ಟೆ. ಗಿರಾಕಿ ಅನುಮಾನಪಟ್ಟು ಅದರ ಕಾಲುಗಳನ್ನು ಅಲ್ಲಾಡಿಸಿ ನೋಡಿದ.

ಅಷ್ಟರಲ್ಲಿ ತಂಡಕ್ಕೆ ಬಹ್ರೇನ್‌ನಿಂದ ಪಂದ್ಯದ ಕರೆ ಬಂತು. ಕೋಚ್ ಮಗನನ್ನು ಪಕ್ಕಕ್ಕೆ ಕರೆದು, ಬರುವ ಶುಕ್ರವಾರ ತಮ್ಮ ತಮ್ಮಲ್ಲೇ ಆಡುವ ಪಂದ್ಯದಲ್ಲಿ ನೀನು ಹಾರುವುದನ್ನು ನಾನು ನೋಡಬೇಕು, ಹಿಡಿಯದಿದ್ದರೂ ಚಿಂತೆಯಿಲ್ಲ, ಹಾರದಿದ್ದರೆ ಮಾತ್ರ ನಿನ್ನ ಜಾಗ ಬೇರೆಯವರಿಗೆ ಎಂದರಂತೆ. ಮಗ ನನಗೆ ಇದನ್ನು ಹೇಳಿದ್ದು ಊಟದ ತಟ್ಟೆ ನೋಡುತ್ತ.

"ನಾನೇ ಮೆಸೇಜ್ ಹಾಕ್ತೇನೆ ಅಮ್ಮ. ಐ ಆಮ್ ಔಟ್ ಅಂತ."

"ಯಾಕೆ ಮಾರಾಯ? ಅವರು ಬೇಡ ಅಂತ ಹೇಳುವ ಮೊದ್ಲೇ ನೀನು ಯಾಕೆ ಬಾಗಿಲು ಹಾಕುವುದು?"

"ಬಿಕಾಸ್ ಐ ನೋ." ತಟ್ಟೆ ಎತ್ತಿಕೊಂಡು ಹೋದ. ಅನ್ನ ಅರ್ಧ ಹಾಗೆಯೇ ಇತ್ತು.

ಮರುದಿನ ಸಲ್ವಾದಲ್ಲಿ ಒಂದು ಮನೆಯ ಸಾಮಾನು ನೋಡಲಿಕ್ಕಿತ್ತು. ಅದನ್ನು ಬಿಟ್ಟು ಸೀದಾ ಎಕ್ಸ್‌ರೇ ಪೊರ್ಬುಗಳ ಫ್ಲಾಟಿಗೆ ಹೋದೆ. ಕೋಚ್ ಅವರ ಮಾತು ಕೇಳುತ್ತಾರೆ, ಅವರಿಂದ ಒಂದು ಶಿಫಾರಸು ಮಾಡಿಸುವ ಲೆಕ್ಕಾಚಾರ. ಅವರು ರಜೆಯಲ್ಲಿದ್ದರು, ಎದೆಗೆ ಪಟ್ಟಿ ಬಿಗಿದುಕೊಂಡು ದಿಂಬಿಗೆ ಒರಗಿದ್ದರು. ನನ್ನ ಮಾತನ್ನೆಲ್ಲ ಕೇಳಿ, ಶಿಫಾರಸಿನ ವಿಷಯ ಬಿಟ್ಟು ಬೇರೆಯೇ ಕೇಳಿದರು.

"ಅಕ್ಕಾ, ಅವತ್ತು ಅವನ ಕೈಲಿ ನನ್ನ ಕಾಲು ಹಿಡಿಸಿದ್ದು ಯಾಕೆ ನೀವು?"

"ಎಲುಬು ಹೋದದ್ದಲ್ವಾ ಪೊರ್ಬುಗಳೇ. ಹಿರಿಯರಿಗೆ ಹಾಗೆ ಆದ ಮೇಲೆ ಸುಮ್ನೆ ಕೂರ್ಲಿಕ್ಕೆ ಆಗ್ತದಾ?"

"ಗ್ರೌಂಡಲ್ಲಿ ಎಂತ ಹಿರಿಯ? ಅವ ಹಿಂದಿನಿಂದ ಬರ್ತಾನೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಅಡ್ಡ ಹೋದೆ, ಆ ಬಾಲ್ ನನಗೆ ಬೇಕಿತ್ತು. ಹುಡುಗ ಅಂತ ನಾನು ಬಿಟ್ಟುಕೊಡ್ಲಿಲ್ಲ, ಮುದುಕ ಅಂತ ಅವನೂ ಬಿಟ್ಟುಕೊಡ್ಲಿಲ್ಲ. ಅಲ್ಲಿಗೆ ಸರಿ ಇತ್ತು. ನೀವು ಹಣ್ಣಿನ ಬುಟ್ಟಿ ತಂದು, ನಮ್ಮ ಅತ್ತೆ ಎದುರು ಅವನನ್ನು ಬಗ್ಗಿಸಿದ್ರಿ. ಈಗ ಅವನ ಲೆಕ್ಕದಲ್ಲಿ ನಾನು ಮುದುಕ, ಅವ ಮುದುಕನ ಎಲುಬು ಮುರಿದವ. ಇನ್ನು ಯಾರ ಬೆನ್ನ ಮೇಲೆ ಹಾರ್ತಾನೆ ಅವ?"

ಅಂಗಡಿಯಲ್ಲಿ ಗಿರಾಕಿ ಹೀಗೆ ದೋಷ ತೋರಿಸಿದಾಗ ಬೆಲೆ ಇಳಿಸುತ್ತೇನೆ, ಇಲ್ಲಿ ಇಳಿಸಲಿಕ್ಕೆ ಏನೂ ಇರಲಿಲ್ಲ. ಈಗ ಎಂತ ಮಾಡುವುದು ಎಂದು ಕೇಳಿದೆ.

"ಕೊಟ್ಟದ್ದನ್ನು ವಾಪಸ್ ತಗೊಳ್ಳಿ."

"ನನ್ನ ಅಂಗಡಿಯಲ್ಲಿ ಕೊಟ್ಟ ಮಾಲು ವಾಪಸ್ ಇಲ್ಲ."

ಅವರು ನಗಲು ಹೋಗಿ ಪಕ್ಕೆ ಹಿಡಿದುಕೊಂಡರು. ನಗಿಸಬೇಡಿ, ನೋಯುತ್ತದೆ ಎಂದರು. ಶುಕ್ರವಾರ ತಾನೇ ಮೈದಾನಕ್ಕೆ ಬರುತ್ತೇನೆ, ಅವನು ಆ ಮೆಸೇಜ್ ಹಾಕದ ಹಾಗೆ ನೋಡಿಕೊಳ್ಳುವುದು ಮಾತ್ರ ನಿಮ್ಮ ಕೆಲಸ ಎಂದರು.

ಅದನ್ನು ನಾನು ಅಂದೇ ನೋಡಿಕೊಂಡೆ. ಅಂಕಲ್ ಶುಕ್ರವಾರ ನಿನ್ನನ್ನು ಮೈದಾನದಲ್ಲೇ ಕಾಣಬೇಕಂತೆ, ಕಾರು ಓಡಿಸುವ ಸ್ಥಿತಿಯಲ್ಲಿಲ್ಲ, ನಾವೇ ಕರೆದುಕೊಂಡು ಹೋಗಬೇಕು ಎಂದೆ. ಹಿರಿಯರ ಮಾತಿಗೆ ಇಲ್ಲ ಎನ್ನಲು ಅವನಿಗೆ ಬರುವುದಿಲ್ಲ ಎಂಬುದು ನನಗೆ ಗೊತ್ತಿದ್ದ ವಿಷಯ. ಆ ಒಂದು ಗುಣವನ್ನೇ ನಾನು ಬಳಸಿಕೊಂಡೆ, ಒಳಗೊಳಗೆ ಹೆದರುತ್ತಲೇ. ಕೆಲಸ ಕೆಟ್ಟರೆ ಇದೂ ಅವನನ್ನು ಬಗ್ಗಿಸಿದ ಇನ್ನೊಂದು ಹಣ್ಣಿನ ಬುಟ್ಟಿ ಆಗುತ್ತದಲ್ಲ.

ಮೈದಾನದಲ್ಲಿ ಪೊರ್ಬುಗಳು ಮಗನನ್ನು ಕಾರಿನ ಬಾನೆಟ್ಟಿನ ಹತ್ತಿರ ನಿಲ್ಲಿಸಿಕೊಂಡರು. ಗಾಳಿ ಜೋರಿತ್ತು, ದೂಳು ಕಣ್ಣಿಗೆ ಹೋಗುತ್ತಿತ್ತು. ಆ ಚಳಿಗಾಲದಲ್ಲಿ ಮೊದಲ ಸಲ ನಾನು ಅಲ್ಲಿ ಕಾರಿನಿಂದ ಇಳಿದೆ.

"ನೋಡು, ಆ ದಿನ ನಮ್ಮ ಮನೇಲಿ ನೀನು ಸಾರಿ ಹೇಳಿದ್ದು ನನಗೆ ಬೇಡ. ವಾಪಸ್ ತಗೋ."

ಮಗ ನನ್ನ ಕಡೆ ನೋಡಿದ. ನಾನು ಬಾಯಿ ತೆರೆಯದೆ ಇರಲು ಪಟ್ಟ ಕಷ್ಟ ನನಗೇ ಗೊತ್ತು.

"ಸಾರಿ ಅಂಕಲ್, ಐ ಡೋಂಟ್..."

"ಪುನಃ ಸಾರಿ. ಅಕ್ಕಾ, ಇವನಿಗೆ ಬೇರೆ ಮಾತೇ ಬರುದಿಲ್ವಾ?" ನಗಲಿಲ್ಲ ಅವರು. "ಆ ಬಾಲ್ ನನ್ನದು ಅಂತ ನಾನು ಹೋದದ್ದು. ನಿನಗೆ ಸಿಕ್ತು. ನನಗೆ ಸಿಟ್ಟು ಇರುವುದು ಅದಕ್ಕೆ, ಎಲುಬಿಗೆ ಅಲ್ಲ. ಎಲುಬು ಕೂಡ್ತದೆ. ಎರಡು ತಿಂಗ್ಳಲ್ಲಿ ನಾನು ಬರ್ತೇನೆ, ನಿನ್ನ ಮೇಲೆ ಹಾರ್ತೇನೆ, ಸಾರಿ ಕೇಳುದಿಲ್ಲ. ಈಗ ಹೋಗು."

ಮಗ ಬಗ್ಗಿ ಶೂ ದಾರ ಬಿಗಿದ. "ಇಟ್ ವಾಸ್ ಮೈ ಬಾಲ್," ಎಂದ, ಕೇಳಿಸಿಯೂ ಕೇಳಿಸದಷ್ಟು ಸಣ್ಣಗೆ.

"ಅದನ್ನು ಅಲ್ಲಿ ಹೋಗಿ ಹೇಳು."

ಪಂದ್ಯದ ಮೊದಲರ್ಧ ಏನೂ ಆಗಲಿಲ್ಲ. ಎರಡು ಸಲ ಚೆಂಡು ಅವನ ದಿಕ್ಕಿಗೆ ಬಂತು, ಎರಡು ಸಲವೂ ಕಾಲು ನಿಂತಿತು. ಕೋಚ್ ಕೈಕಟ್ಟಿ ನಿಂತಿದ್ದರು, ಮಗನ ಕಡೆ ನೋಡುವುದನ್ನು ಆಗಲೇ ಬಿಟ್ಟಿದ್ದರು. ಗಿರಾಕಿ ಕಣ್ಣು ತೆಗೆದನೆಂದರೆ ವ್ಯಾಪಾರ ಮುಗಿಯಿತು, ಅಷ್ಟು ನನಗೆ ಗೊತ್ತು.

ಬಿಡುವಾದ ಮೇಲೆ ಒಂದು ಚೆಂಡು ಗಾಳಿಗೆ ಸಿಕ್ಕಿ ಓಲಾಡುತ್ತ ಬಂತು. ಕೆಳಗೆ ದಪ್ಪ ಮೈಯ ಒಬ್ಬ ಐರಿಷ್ ಮೇಷ್ಟ್ರು ಕಾಲೂರಿ ನಿಂತಿದ್ದರು. ಮಗ ಓಡಿದ. ನಿಧಾನವಾಗುವ ಜಾಗ ಬಂತು, ದಾಟಿದ. ಮೊಣಕಾಲು ಅವರ ಬೆನ್ನಿಗೆ ಊರಿದ್ದು ಕಂಡಿತು, ಇಡೀ ಮೈ ಅವರ ತಲೆಗಿಂತ ಮೇಲೆ ಹೋಯಿತು. ಚೆಂಡು ಬೆರಳಿಗೆ ತಾಗಿ ಜಾರಿತು. ಅವನು ಬೆನ್ನಡಿಯಾಗಿ ನೆಲಕ್ಕೆ ಬಿದ್ದ. ಬಿದ್ದ ಸದ್ದು ನಮ್ಮ ತನಕ ಬಂತು.

ಏಳಲಿಲ್ಲ. ಮೈದಾನದ ಅಂಚಿಗೆ ಕಟ್ಟಿದ್ದ ಹಗ್ಗ ದಾಟಲು ನಾನು ಕಾಲೆತ್ತಿದೆ. ಪೊರ್ಬುಗಳು ನನ್ನ ಕೈಚೀಲದ ಪಟ್ಟಿ ಹಿಡಿದು ನಿಲ್ಲಿಸಿದರು.

"ಹೋಗ್ಬೇಡಿ ಅಕ್ಕಾ. ಈಗ ನೀವು ಹೋದ್ರೆ ಎಲ್ಲ ಖಲಾಸ್."

ನಾನು ನಿಂತೆ. ಮಗ ಮಗ್ಗುಲಿಗೆ ಹೊರಳಿದ, ಮಂಡಿಯೂರಿದ, ಎದ್ದ. ಐರಿಷ್ ಮೇಷ್ಟ್ರು ಬೆನ್ನು ಉಜ್ಜಿಕೊಳ್ಳುತ್ತ ಏನೋ ಅಂದರು, ಬೈಗುಳವೇ ಇರಬೇಕು. ಮಗ ಅವರಿಗೆ ಏನೋ ತಿರುಗಿ ಹೇಳಿ ಓಡಿದ. ಆಮೇಲೆ ಇನ್ನೆರಡು ಸಲ ಹಾರಿದ. ಒಂದನ್ನು ಹಿಡಿದ, ಹಿಡಿದು ಒದ್ದದ್ದು ಗೋಲಿನ ಕಂಬಗಳ ಹೊರಗೆ ಹೋಯಿತು. ಕೋಚ್ ತಲೆಯ ಮೇಲೆ ಕೈ ಇಟ್ಟುಕೊಂಡರು, ಆದರೆ ನೋಡುತ್ತಿದ್ದರು.

ಬಹ್ರೇನ್‌ಗೆ ಬಾ, ಆಡಿಸುವ ಮಾತು ಕೊಡುವುದಿಲ್ಲ, ಬೆಂಚಿನಲ್ಲಿ ಕೂರಬೇಕಾದೀತು ಎಂದು ಕೋಚ್ ಹೇಳಿದರು. ಬೇರೆ ದಿನವಾಗಿದ್ದರೆ ನಾನು ಅಲ್ಲೇ ಮಾತು ಬೆಳೆಸಿ ಅರ್ಧ ಪಂದ್ಯವಾದರೂ ಗಿಟ್ಟಿಸುತ್ತಿದ್ದೆ. ಮಗನೇ ಸರಿ ಎಂದು ಕೈಕೊಟ್ಟು ಬಂದ. ನಿಮ್ಮ ಮಕ್ಕಳು ಯಾರಿಗಾದರೂ ನೋವು ಮಾಡಿದರೆ ಕ್ಷಮೆ ಕೇಳಿಸಿ, ನಾನು ಬೇಡವೆನ್ನುವುದಿಲ್ಲ. ಆದರೆ ನೋವಾದವರನ್ನು ಮೊದಲು ಒಂದು ಮಾತು ಕೇಳಿ, ಆಮೇಲೆ ಹಣ್ಣು ಕೊಳ್ಳಿ.

ಈಗ ನಾನು ಬೇಲಿಯ ಹತ್ತಿರ ನಿಂತೇ ನೋಡುತ್ತೇನೆ. ಅವನು ಹಾರಲಿ ಎಂದು ಎಷ್ಟು ಶುಕ್ರವಾರ ಕಾದಿದ್ದೆನೋ, ಹಾರುವುದನ್ನು ಮಾತ್ರ, ಅವನು ಬಿದ್ದ ಆ ದಿನದ ನಂತರ, ಒಂದು ಸಲವೂ ಸರಿಯಾಗಿ ನೋಡಿಲ್ಲ. ಅವನು ಮೇಲೆ ಹೋದ ಕೂಡಲೇ ನನ್ನ ಕಣ್ಣು ನೆಲಕ್ಕೆ ಇಳಿಯುತ್ತದೆ. ಅಲ್ಲಿ ಕಲ್ಲು ಉಂಟಾ, ಯಾರದಾದರೂ ಶೂ ಉಂಟಾ, ಎಲ್ಲಿ ಬೀಳುತ್ತಾನೆ ಎಂದು ಹುಡುಕುತ್ತಿರುತ್ತೇನೆ. ಹಿಡಿದನೋ ಇಲ್ಲವೋ ಎಂಬುದು ಪಕ್ಕದವರ ಕೂಗಿನಿಂದಲೇ ನನಗೆ ತಿಳಿಯುವುದು.